ಜೇವರ್ಗಿಯಿಂದ ಬಂದವನಿಗೂ ಒಂದು ಕಾಗದ ಬೇಕು

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಒಂದು ವೇತನದ್ದು, ಒಂದು ಕೈಗಾರಿಕಾ ಸಂಬಂಧದ್ದು, ಒಂದು ಸಾಮಾಜಿಕ ಭದ್ರತೆಯದ್ದು, ಇನ್ನೊಂದು ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ್ದು. 29 ಹಳೆ ಕಾಯ್ದೆಗಳು ಈ ನಾಲ್ಕರ ಹೊಟ್ಟೆಯೊಳಗೆ ಸೇರಿವೆ. ಸಂಸತ್ತಿನಲ್ಲಿ ಪಾಸಾದದ್ದು 2019 ಮತ್ತು 2020ರಲ್ಲಿ. ಜಾರಿಗೆ ಬರುವಷ್ಟರಲ್ಲಿ ಐದು ವರ್ಷ ದಾಟಿದ ಕಾರಣ ನಮ್ಮ ವ್ಯಾಪಾರಿಗಳಲ್ಲಿ ಹೆಚ್ಚಿನವರು ಇದನ್ನು ಮರೆತೇ ಬಿಟ್ಟಿದ್ದರು. ಈಗ ಕೇಳಿದರೆ, "ಅದೆಲ್ಲಾ ದೊಡ್ಡ ಕಂಪೆನಿಯವರಿಗೆ, ನಮಗೆಂತ?" ಅಂತ ಹೇಳುವವರೇ ಜಾಸ್ತಿ.

ದೊಡ್ಡ ಕಂಪೆನಿಯವರಿಗೆ ವಕೀಲರಿದ್ದಾರೆ, ಎಚ್‌ಆರ್ ವಿಭಾಗ ಉಂಟು. ಅವರು ನೋಡಿಕೊಳ್ತಾರೆ. ಈ ಸಂಹಿತೆಗಳ ಬಿಸಿ ನಿಜಕ್ಕೂ ತಟ್ಟುವುದು ಏಳೆಂಟು ಮಂದಿ ಹುಡುಗರನ್ನಿಟ್ಟು ಬೇಕರಿ ನಡೆಸುವವನಿಗೆ, ಹೋಟೆಲಿನವನಿಗೆ, ಗುಜರಿ ವ್ಯಾಪಾರಿಗೆ, ಮರದ ಡಿಪೋದವನಿಗೆ, ಕಾಂಕ್ರೀಟ್ ಗುತ್ತಿಗೆಯ ಮೇಸ್ತ್ರಿಗೆ. ಅಂದರೆ ನಮಗೆ. ಬ್ಯಾರಿಗಳಲ್ಲಿ ಕೂಲಿ ಕೊಡುವವರು ಎಷ್ಟು ಮಂದಿ ಎಂದು ಯಾವ ಜಮಾಅತ್ ಕೂಡಾ ಲೆಕ್ಕ ಹಾಕಿದ್ದಿಲ್ಲ. ಆದರೆ ಕರಾವಳಿಯ ಯಾವ ಪೇಟೆಗೆ ಹೋದರೂ ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತೆಗೆಯುವ ಅಂಗಡಿಗಳಲ್ಲಿ ನಮ್ಮವರದ್ದು ಎಷ್ಟು ಎಂದು ಎಲ್ಲರಿಗೂ ಗೊತ್ತುಂಟು.

ಆ ಅಂಗಡಿಗಳಲ್ಲಿ, ಆ ಕಟ್ಟಡಗಳ ಸಾರಣೆಯ ಮೇಲೆ ಕೆಲಸ ಮಾಡುವವರು ಯಾರು? ಬಂಗಾಳ, ಬಿಹಾರ, ಒಡಿಶಾದವರು ಈಚೆಗೆ ಬಂದವರು. ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಬಂದು ನಮ್ಮ ಮನೆಗಳಿಗೆ ಕಲ್ಲು ಹೊತ್ತು, ಬಾವಿ ತೋಡಿ, ದಕ್ಕೆಯಲ್ಲಿ ಮೀನಿನ ಬುಟ್ಟಿ ಎತ್ತಿದವರು ನಮ್ಮದೇ ರಾಜ್ಯದ ಉತ್ತರದವರು. ನಾವು ಎಲ್ಲರನ್ನೂ ಒಟ್ಟಾಗಿ "ಘಟ್ಟದವರು" ಎಂದು ಕರೆದು ಮುಗಿಸುತ್ತೇವೆ. ಊರು ಕೇಳುವ ಅಭ್ಯಾಸ ನಮಗಿಲ್ಲ. ಕೇಳಿ ನೋಡಿ: ಆಳಂದ, ಅಫಜಲಪುರ, ಜೇವರ್ಗಿ. ಕಲಬುರಗಿ ಜಿಲ್ಲೆಯ ಈ ಮೂರು ತಾಲೂಕುಗಳ ಹೆಸರು ಮತ್ತೆ ಮತ್ತೆ ಬರುತ್ತದೆ.

ಯಾಕೆ ಈ ಮೂರು? ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ಪ್ರಾದೇಶಿಕ ಅಸಮತೋಲನದ ವರದಿಯಲ್ಲಿ "ಅತ್ಯಂತ ಹಿಂದುಳಿದ" ತಾಲೂಕುಗಳ ಪಟ್ಟಿ ಉಂಟು. ಮೂರೂ ಅದರಲ್ಲಿವೆ. ಅಲ್ಲಿಯ ಬೇಸಾಯ ಹೆಚ್ಚಾಗಿ ಮಳೆಯನ್ನೇ ನಂಬಿದ್ದು, ಮುಖ್ಯ ಬೆಳೆ ತೊಗರಿ. ಜೂನ್-ಜುಲೈಯಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್-ಜನವರಿಗೆ. ನಮ್ಮ ಕಡೆ ಸಾಂಬಾರಿಗೆ ಬೀಳುವ ಬೇಳೆಗೆ ಅವರದ್ದೇ ಹೆಸರು, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ಒಂದು ಬೆಳೆ ತೆಗೆದ ಮೇಲೆ ಹೊಲದಲ್ಲಿ ಕೆಲಸ ಇಲ್ಲ. ಕೆಲವರು ಕಬ್ಬು ಕಡಿಯಲು ಹೋಗ್ತಾರೆ, ಕೆಲವರು ಪುಣೆ-ಮುಂಬೈಗೆ, ಕೆಲವರು ಬೆಂಗಳೂರಿಗೆ, ಒಂದಷ್ಟು ಮಂದಿ ರಾತ್ರಿ ಬಸ್ಸು ಹತ್ತಿ ನಮ್ಮ ಕಡೆ. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳ ನೀರೂ ಮಳೆಯೂ ಸೇರಿ ಭೀಮಾ ನದಿ ಉಕ್ಕಿತು. ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ನಿಂತ ತೊಗರಿ ನೀರಿನಲ್ಲೇ ಕೊಳೆಯಿತು. ಹೊಸ ಕಾನೂನು ಬಂದದ್ದು ಅದಾಗಿ ಎರಡೇ ತಿಂಗಳಿಗೆ. ಬೆಳೆ ಹೋದವನು ಕೂಲಿ ಎಷ್ಟು, ಕಾಗದ ಉಂಟಾ ಎಂದು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಸಿಕ್ಕಿದ್ದಕ್ಕೆ ಬರ್ತಾನೆ.

ಅಂದ ಹಾಗೆ ಆಳಂದದ ಹೆಸರು 2025ರಲ್ಲಿ ದೇಶವೆಲ್ಲಾ ಕೇಳಿತು, ಮತದಾರರ ಪಟ್ಟಿಯಿಂದ ಹೆಸರು ಅಳಿಸಲು ಬಂದಿದ್ದ 6,018 ಅರ್ಜಿಗಳ ವಿಷಯದಲ್ಲಿ. ಆ ಗಲಾಟೆ ಬೇರೆ. ಆದರೆ ಅದೇ ಆಳಂದದವನು ಕರಾವಳಿಗೆ ಬಂದು ಹತ್ತು ವರ್ಷ ದುಡಿದರೂ ಇಲ್ಲಿಯ ಯಾವ ಪಟ್ಟಿಯಲ್ಲೂ ಅವನ ಹೆಸರೇ ಹತ್ತಿರುವುದಿಲ್ಲ. ಹತ್ತದ ಹೆಸರನ್ನು ಅಳಿಸುವ ಪ್ರಶ್ನೆಯೇ ಇಲ್ಲ.

ಹೆಸರು ಹತ್ತದಿದ್ದರೆ ಏನಾಗುತ್ತದೆ ಎಂದು 2020ರಲ್ಲಿ ನಾವು ಕಣ್ಣಾರೆ ಕಂಡೆವು. ಲಾಕ್‌ಡೌನ್ ಆದಾಗ ಮಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡ ಉತ್ತರ ಕರ್ನಾಟಕದ ಕಾರ್ಮಿಕರನ್ನು ಸರಕಾರಿ ಬಸ್ಸುಗಳಲ್ಲಿ ಊರಿಗೆ ಕಳುಹಿಸಬೇಕಾಯಿತು. ಆಗ ರಾಜ್ಯ ಸರಕಾರ ನೋಂದಾಯಿತ ಕಟ್ಟಡ ಕಾರ್ಮಿಕರ ಖಾತೆಗೆ ಮೊದಲು 2,000, ಆಮೇಲೆ ಇನ್ನೂ 3,000 ರೂಪಾಯಿ ಹಾಕುವುದಾಗಿ ಹೇಳಿತು. ನೋಂದಣಿ ಇದ್ದವನಿಗೆ ಆ ದುಡ್ಡು. ಇಲ್ಲದವನಿಗೆ ನಮ್ಮ ಸಂಘಟನೆಗಳು ಹಂಚಿದ ಅಕ್ಕಿಯ ಕಿಟ್. ಕಿಟ್ ಹಂಚಿದ್ದು ಒಳ್ಳೆಯ ಕೆಲಸವೇ, ಅದರ ಫೋಟೊಗಳು ಈಗಲೂ ಮೊಬೈಲುಗಳಲ್ಲಿ ಇರಬಹುದು. ಆದರೆ ಆ ಕಾರ್ಮಿಕನ ನೋಂದಣಿಗೆ ಬೇಕಾಗಿದ್ದ 90 ದಿನಗಳ ಕೆಲಸದ ದೃಢೀಕರಣಕ್ಕೆ ಒಂದು ಸಹಿ ಹಾಕಿದವರು ಎಷ್ಟು ಮಂದಿ? ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾರೂ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಮಕ್ಕಳ ಓದಿಗೆ, ಮದುವೆಗೆ, ಹೆರಿಗೆಗೆ, ಅಪಘಾತಕ್ಕೆ, ವಯಸ್ಸಾದ ಮೇಲೆ ಪಿಂಚಣಿಗೆ ಅಲ್ಲಿಂದ ಸಹಾಯ ಉಂಟು. ಆ ದುಡ್ಡು ಸರಕಾರದ ದಾನವಲ್ಲ, ಕಟ್ಟಡ ಕಟ್ಟುವವರು ಕೊಡುವ ಶೇ. 1 ಸೆಸ್ಸಿನ ಹಣ. ನಾವು ಕೊಟ್ಟ ಸೆಸ್ಸು ನಮ್ಮ ಮನೆ ಕಟ್ಟಿದವನಿಗೇ ಸಿಗದ ಹಾಗೆ ಆಗುವುದು ನಮ್ಮ ಒಂದು ಸಹಿಯ ಸೋಮಾರಿತನದಿಂದ. ಬೋಗಸ್ ಕಾರ್ಮಿಕ ಕಾರ್ಡುಗಳನ್ನು ಇಲಾಖೆ ರದ್ದು ಮಾಡಲು ಹೊರಟ ಮೇಲೆ ನಿಜವಾದ ಕಾರ್ಮಿಕನಿಗೆ ನಿಜವಾದ ಮಾಲಕನ ಸಹಿ ಇನ್ನೂ ಮುಖ್ಯ ಆಗಿದೆ.

ಮನೆ ಕಟ್ಟುವವರಿಗೆ ಇಲ್ಲೊಂದು ಮಾತು. ಸ್ವಂತ ವಾಸದ ಮನೆಗೆ ಹಿಂದೆ 10 ಲಕ್ಷ ರೂಪಾಯಿವರೆಗೆ ಈ ಸೆಸ್ಸಿನಿಂದ ವಿನಾಯಿತಿ ಇತ್ತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅದು 50 ಲಕ್ಷಕ್ಕೆ ಏರಿದೆ. ಗಲ್ಫಿನ ದುಡ್ಡಲ್ಲಿ ಎರಡಂತಸ್ತು ಏರಿಸುವ ಮನೆಗಳಲ್ಲಿ 50 ಲಕ್ಷದ ಗೆರೆ ದಾಟುವವು ಕಡಿಮೆಯೇನಿಲ್ಲ.

ಗಲ್ಫ್ ಎಂದ ಮೇಲೆ ವಿಷಯದ ಬುಡಕ್ಕೇ ಬಂದ ಹಾಗಾಯಿತು. ಕೆಲಸದ ಕಾಗದಕ್ಕೆ ಎಂತ ಬೆಲೆ ಎಂದು ಬ್ಯಾರಿ ಮನೆಗಳಿಗೆ ಗೊತ್ತಿರುವಷ್ಟು ಈ ರಾಜ್ಯದಲ್ಲಿ ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಮಗ ಹೊರಡುವಾಗ ವೀಸಾದಲ್ಲಿ ಏನು ಬರೆದಿದೆ, ಅಗ್ರಿಮೆಂಟಿನಲ್ಲಿ ಸಂಬಳ ಎಷ್ಟು ಕಾಣಿಸಿದ್ದಾರೆ, ಓಟಿ ಉಂಟಾ, ಎರಡು ವರ್ಷಕ್ಕೆ ಟಿಕೆಟ್ ಉಂಟಾ ಎಂದು ಉಮ್ಮಂದಿರೂ ಕೇಳ್ತಾರೆ. ದುಬೈಯಲ್ಲಿ ಮೂರು ತಿಂಗಳು ಸಂಬಳ ನಿಂತರೆ ಇಲ್ಲಿ ಮನೆಯಲ್ಲಿ ಅನ್ನ ಇಳಿಯುವುದಿಲ್ಲ. ಯುಎಇ ಸರಕಾರ 2009ರಲ್ಲಿ ವೇತನ ಸಂರಕ್ಷಣಾ ವ್ಯವಸ್ಥೆ ತಂದು, ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕು ಎಂದಾಗ ಅದರ ನೆಮ್ಮದಿ ತಟ್ಟಿದ ಮನೆಗಳಲ್ಲಿ ನಮ್ಮವೂ ಸೇರಿವೆ. ಒಂದು ವರ್ಷ ಪೂರೈಸಿದವನಿಗೆ ಅಲ್ಲಿ ಕೆಲಸ ಬಿಡುವಾಗ ಸೇವಾಂತ್ಯದ ಹಣ ಉಂಟು. ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಮೂಲ ವೇತನದಂತೆ. ಆ ಹಣದಿಂದ ತಂಗಿಯ ಮದುವೆ ಮಾಡಿದವರು, ಊರಲ್ಲಿ ಅಂಗಡಿ ಹಾಕಿದವರು ನಮ್ಮಲ್ಲಿ ಬೇಕಾದಷ್ಟು.

ಈಗ ಆ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಅಫಜಲಪುರದ ಹುಡುಗನಿಗೆ ಎಂತ ಉಂಟು? ಅಗ್ರಿಮೆಂಟ್ ಇಲ್ಲ. ಸಂಬಳದ ಚೀಟಿ ಇಲ್ಲ. "ಊಟ, ರೂಮು ಕೊಡ್ತೇವಲ್ಲ" ಎನ್ನುವ ಮಾತು ಉಂಟು. ಪೆರ್ನಾಲಿಗೆ ಒಂದು ಜತೆ ಬಟ್ಟೆ ಉಂಟು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಕೆಲವು ಕಡೆ ಅವನು ಓಡಿಹೋಗದ ಹಾಗೆ ಆಧಾರ್ ಕಾರ್ಡನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದೂ ಉಂಟು. ಅರಬಿ ನಮ್ಮ ಮಗನ ಪಾಸ್‌ಪೋರ್ಟ್ ಇಟ್ಟುಕೊಂಡಾಗ ನಾವು ಏನೆಲ್ಲಾ ಹೇಳಿದ್ದೆವು ಎಂದು ಒಮ್ಮೆ ನೆನಪು ಮಾಡಿಕೊಳ್ಳಬಹುದು.

ಹೊಸ ವೇತನ ಸಂಹಿತೆ ಹೇಳುವುದನ್ನು ಸ್ವಲ್ಪ ನಿಧಾನವಾಗಿ ನೋಡುವ. ಹಿಂದಿನ ಕನಿಷ್ಠ ವೇತನ ಕಾಯ್ದೆ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಈಗ ಕನಿಷ್ಠ ವೇತನ ಎಲ್ಲ ಉದ್ಯೋಗಕ್ಕೂ. ಕೆಲಸದವರು ಇಬ್ಬರಿರಲಿ, ಇನ್ನೂರು ಮಂದಿ ಇರಲಿ. ತಿಂಗಳ ಸಂಬಳದವನಿಗೆ ಮುಂದಿನ ತಿಂಗಳು 7ನೇ ತಾರೀಕಿನೊಳಗೆ ಕೊಡಬೇಕು. ದಿನಗೂಲಿಯವನಿಗೆ ಪಾಳಿ ಮುಗಿಯುವಾಗಲೇ. ವಾರದ ಲೆಕ್ಕದವನಿಗೆ ವಾರದ ರಜೆಗೆ ಮೊದಲಿನ ಕೆಲಸದ ದಿನದಂದು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಲೆಕ್ಕ ಚುಕ್ತಾ. ಹೆಚ್ಚುವರಿ ದುಡಿಮೆಗೆ ಮಾಮೂಲಿ ದರದ ಎರಡು ಪಟ್ಟು. ಸಂಬಳದಿಂದ ಎಂತದ್ದೇ ಕಡಿತ ಮಾಡಿದರೂ ಒಟ್ಟು ಅರ್ಧಕ್ಕಿಂತ ಹೆಚ್ಚು ಆಗಬಾರದು. ಪ್ರತಿಯೊಬ್ಬ ಮಾಲಕನೂ ಸಂಬಳದ ಚೀಟಿ ಕೊಡಬೇಕು. ಊಟ-ರೂಮಿನ ಹೆಸರಲ್ಲಿ ಸಂಬಳ ತೇಲಿಸುವುದೂ ಇನ್ನು ಕಷ್ಟ. ಕೂಲಿಯ ಬದಲಿಗೆ ವಸ್ತು ರೂಪದಲ್ಲಿ ಕೊಟ್ಟದ್ದನ್ನು ಒಟ್ಟು ವೇತನದ ಶೇ. 15ರವರೆಗೆ ಮಾತ್ರ ವೇತನ ಎಂದು ಲೆಕ್ಕ ಹಿಡಿಯಲಾಗುತ್ತದೆ. ಭತ್ಯೆಗಳ ಹೆಸರಲ್ಲಿ ಮೂಲ ವೇತನವನ್ನು ಕುಗ್ಗಿಸಿದರೂ ಅಷ್ಟೆ. ಹೊರಗಿಟ್ಟ ಭಾಗ ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟನ್ನು ಮತ್ತೆ ವೇತನಕ್ಕೇ ಸೇರಿಸುತ್ತಾರೆ.

ಇವುಗಳಲ್ಲಿ ಅರ್ಧ ಹೊಸತೇ ಅಲ್ಲ. ಕೂಲಿ ತಡ ಮಾಡಬಾರದು ಎಂಬುದನ್ನು ಜುಮಾ ಪ್ರಸಂಗಗಳಲ್ಲಿ ಚಿಕ್ಕಂದಿನಿಂದ ಕೇಳಿದವರು ನಾವು. ಹೊಸತಾಗಿ ಗಮನಿಸಬೇಕಾದದ್ದು ಇದೇ ಸಂಹಿತೆಯ 59ನೇ ಕಲಮು. ಕೂಲಿ ಕೊಟ್ಟಿಲ್ಲ ಅಥವಾ ಕಡಿಮೆ ಕೊಟ್ಟಿದ್ದಾರೆ ಎಂದು ಕಾರ್ಮಿಕ ದೂರು ಕೊಟ್ಟರೆ, ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲಕನ ಮೇಲೆ. ದೂರು ಕೊಡಲು ಅವನಿಗೆ ಮೂರು ವರ್ಷ ಸಮಯ ಉಂಟು. ಪ್ರತಿ ವಾರ ತಪ್ಪದೆ ಕೂಲಿ ಕೊಟ್ಟ ಪ್ರಾಮಾಣಿಕ ಮೇಸ್ತ್ರಿ, ಸಹಿ ಇಲ್ಲದ ಕಾರಣಕ್ಕೆ ಮೂರು ವರ್ಷದ ಹಿಂದಿನ ಲೆಕ್ಕದಲ್ಲಿ ಸಿಕ್ಕಿಬೀಳಬಹುದು. ಕಡಿಮೆ ಕೊಟ್ಟದ್ದು ಸಾಬೀತಾದರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ದಾಖಲೆ ಪುಸ್ತಕ ಸರಿ ಇಲ್ಲದಿದ್ದರೆ 10,000 ರೂಪಾಯಿವರೆಗೆ. ದಾಖಲೆಯ ತಪ್ಪಿಗೆ ಕೇಸು ಹಾಕುವ ಮುಂಚೆ ಸರಿಪಡಿಸಲು ಒಂದು ಅವಕಾಶ ಕೊಡಬೇಕೆಂದು ಉಂಟು. ಕೂಲಿ ಕಡಿಮೆ ಕೊಟ್ಟದ್ದಕ್ಕೆ ಆ ಅವಕಾಶ ಇಲ್ಲ. ಮನೆಕೆಲಸಕ್ಕೆ ಅಥವಾ ತೋಟಕ್ಕೆ ಐದು ಮಂದಿವರೆಗೆ ಇಟ್ಟುಕೊಂಡವರಿಗೆ ಪುಸ್ತಕ, ಚೀಟಿಗಳಿಂದ ವಿನಾಯಿತಿ ಉಂಟು. ಆದರೆ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ಏನಾದರೂ ಪುರಾವೆ ಅವರೂ ತೋರಿಸಬೇಕು.

ಇಲ್ಲಿ ಕಳೆದ ವರ್ಷದ ಇನ್ನೊಂದು ಗಲಾಟೆಯನ್ನು ನೆನಪಿಸಲೇಬೇಕು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿ, ತರಕಾರಿಯವರು ಹೆದರಿದರು. ಕ್ಯೂಆರ್ ಬೋರ್ಡುಗಳು ರಾತ್ರೋರಾತ್ರಿ ಕಾಣೆಯಾದವು, "ನಗದು ಮಾತ್ರ" ಎಂಬ ಚೀಟಿಗಳು ಬಂದವು. ಜುಲೈ 25ರಂದು ಅಂಗಡಿ ಬಂದ್ ಎಂದೂ ಹೇಳಿದ್ದರು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜತೆ ಮಾತಾಡಿ, ಹಳೆ ಬಾಕಿಯ ವಿಷಯದಲ್ಲಿ ಸಡಿಲಿಕೆಯ ಭರವಸೆ ಕೊಟ್ಟ ಮೇಲೆ ಅದು ತಣ್ಣಗಾಯಿತು, ನೋಂದಣಿ ಮಾಡಿಸಿಕೊಳ್ಳಬೇಕು ಎಂಬ ಷರತ್ತಿನೊಂದಿಗೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟಿನ ಮಿತಿ ಹಿಂದೆಯೂ ಇತ್ತು. ಅದನ್ನು ದಾಟಿದ ಸಣ್ಣ ವ್ಯಾಪಾರಿಗೆ, ಒಂದೂವರೆ ಕೋಟಿವರೆಗೆ, ಶೇ. 1ರ ರಾಜಿ ತೆರಿಗೆಯ ದಾರಿಯೂ ಇತ್ತು. ಹೋಟೆಲಿಗೆ ಶೇ. 5. ಗೊತ್ತಿದ್ದವರು ಕಡಿಮೆ.

ಆ ಹೆದರಿಕೆಯ ಫಲವಾಗಿ ಎಷ್ಟೋ ಅಂಗಡಿಗಳು ಎಲ್ಲವನ್ನೂ ನಗದಿಗೆ ತಿರುಗಿಸಿದವು, ಸಂಬಳವನ್ನೂ. ಬರುವ ದುಡ್ಡಿನ ಗುರುತು ಉಳಿಯಬಾರದು ಎಂದು ಹೊರಟವನು ಹೋಗುವ ದುಡ್ಡಿನ ಗುರುತನ್ನೂ ಅಳಿಸಿಕೊಂಡ. ತೆರಿಗೆಯವರಿಗೆ ಕಾಣದಿರಲಿ ಎಂದು ಮಾಡಿದ್ದು ಕಾರ್ಮಿಕ ಇಲಾಖೆಯ ಮುಂದೆ ಅವನನ್ನೇ ಬರಿಗೈಯಲ್ಲಿ ನಿಲ್ಲಿಸುತ್ತದೆ. ನಗದು ಕೂಲಿ ಕಾನೂನುಬಾಹಿರ ಅಲ್ಲ, ಹೊಸ ಸಂಹಿತೆಯಲ್ಲೂ ಅದಕ್ಕೆ ಜಾಗ ಉಂಟು. ಆದರೆ ನಗದು ಕೊಟ್ಟರೆ ಸಹಿ ಬೇಕು, ಬ್ಯಾಂಕಿಗೆ ಹಾಕಿದರೆ ಬ್ಯಾಂಕೇ ಸಾಕ್ಷಿ. ಹತ್ತು ಸಾವಿರ ರೂಪಾಯಿಗಿಂತ ಹೆಚ್ಚನ್ನು ಒಬ್ಬನಿಗೆ ಒಂದೇ ದಿನ ನಗದಾಗಿ ಕೊಟ್ಟರೆ ಆದಾಯ ತೆರಿಗೆಯವರು ಅದನ್ನು ವ್ಯಾಪಾರದ ಖರ್ಚೆಂದು ಒಪ್ಪುವುದಿಲ್ಲ ಎಂಬುದು ಹಳೆಯ ವಿಷಯ, ಆದರೂ ಹೇಳಬೇಕಾಗುತ್ತದೆ.

ಇನ್ನು ಹತ್ತರ ಗೆರೆ. ಕೆಲಸದವರು ಹತ್ತು ಅಥವಾ ಹೆಚ್ಚು ಇದ್ದರೆ ನೇಮಕಾತಿ ಪತ್ರ ಕಡ್ಡಾಯ, ಹಳಬರಿಗೂ ಮೂರು ತಿಂಗಳೊಳಗೆ. ಗ್ರಾಚುಯಿಟಿಯೂ ಅಲ್ಲಿಂದಲೇ. ಕಾಯಂ ಕೆಲಸದವನಿಗೆ ಐದು ವರ್ಷದ ಷರತ್ತು ಹಾಗೆಯೇ ಉಂಟು. ಆದರೆ ಇಂತಿಷ್ಟು ಅವಧಿಗೆ ಎಂದು ಬರೆದುಕೊಟ್ಟು ನೇಮಿಸಿಕೊಂಡವನಿಗೆ ಈಗ ಒಂದೇ ವರ್ಷಕ್ಕೆ ಗ್ರಾಚುಯಿಟಿ. ತಿಂಗಳಿಗೆ 15,600 ರೂಪಾಯಿ ವೇತನದವನು ಒಂದು ವರ್ಷದ ಕರಾರು ಮುಗಿಸಿ ಹೋಗುವಾಗ 15 ದಿನದ ವೇತನ, ಅಂದರೆ 26 ದಿನದ ತಿಂಗಳ ಲೆಕ್ಕದಲ್ಲಿ 9,000 ರೂಪಾಯಿ ಅವನ ಕೈಗೆ ಬರಬೇಕು. ದುಬೈಯ ಒಂದು ವರ್ಷದ ನಿಯಮಕ್ಕೂ ನಮ್ಮ ನಿಯಮಕ್ಕೂ ಈಗ ಹೋಲಿಕೆ ಬಂದಿದೆ. ಇಎಸ್‌ಐ ಕೂಡಾ ಹತ್ತು ಮಂದಿಯಿಂದ, ತಿಂಗಳಿಗೆ 21,000 ರೂಪಾಯಿವರೆಗಿನ ವೇತನಕ್ಕೆ. ಅದೇ 15,600ರ ವೇತನಕ್ಕೆ ಮಾಲಕನ ಪಾಲು 507 ರೂಪಾಯಿ, ಕಾರ್ಮಿಕನದ್ದು 117. ಒಬ್ಬ ಹುಡುಗನಿಗೆ ಡೆಂಗಿ ಬಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದರೆ ಆಗುವ ಬಿಲ್ಲು ಎಷ್ಟೆಂದು ಹೋಟೆಲ್ ಮಾಲಕರಿಗೆ ಹೇಳಿಕೊಡಬೇಕಾಗಿಲ್ಲ. ಅದನ್ನು ಕೈಯಿಂದ ಹಾಕಿದವರೇ ಹೆಚ್ಚು.

ಈ ಗೆರೆ ಗೊತ್ತಾದ ಕೂಡಲೇ ನಮ್ಮ ಬುದ್ಧಿ ಒಂಬತ್ತಕ್ಕೆ ಓಡುತ್ತದೆ. "ಪುಸ್ತಕದಲ್ಲಿ ಒಂಬತ್ತೇ ಮಂದಿ ತೋರಿಸಿದರಾಯ್ತು ಮಾರಾಯ್ರೆ" ಎಂಬ ಸಲಹೆ ಕೊಡುವ ಲೆಕ್ಕದವರೂ ಇದ್ದಾರೆ. ಆದರೆ ಕನಿಷ್ಠ ವೇತನ, ಸಂಬಳದ ಚೀಟಿ, ರುಜುವಾತಿನ ಹೊಣೆ, ಇವು ಯಾವುದಕ್ಕೂ ಹತ್ತರ ಗೆರೆ ಇಲ್ಲ. ನೇಮಕಾತಿ ಪತ್ರ ಕೂಡಾ ಕರ್ನಾಟಕದಲ್ಲಿ ಹೊಸ ವಿಷಯ ಅಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಅದಕ್ಕೆಂದೇ "ನಮೂನೆ ಕ್ಯೂ" ಎಂಬ ಕಾಗದ ಇತ್ತು. ಎಷ್ಟು ಅಂಗಡಿಗಳಲ್ಲಿ ಅದನ್ನು ತುಂಬಿದ್ದಾರೆ ಎಂದು ಕೇಳದಿರುವುದು ಒಳ್ಳೆಯದು.

ಕಾನೂನಿನಲ್ಲೂ ದೊಡ್ಡ ತೂತುಗಳಿವೆ, ಅದನ್ನೂ ಹೇಳಬೇಕು. ಗುತ್ತಿಗೆ ಕಾರ್ಮಿಕರ ನಿಯಮ ಹಿಂದೆ 20 ಮಂದಿಗೆ ಅನ್ವಯಿಸುತ್ತಿತ್ತು, ಈಗ 50ಕ್ಕೆ ಏರಿಸಿದ್ದಾರೆ. ಫ್ಯಾಕ್ಟರಿ ಎನ್ನಿಸಿಕೊಳ್ಳಲು ವಿದ್ಯುತ್ ಬಳಸುವಲ್ಲಿ 10 ಮಂದಿ ಸಾಕಿತ್ತು, ಈಗ 20 ಬೇಕು. 300ಕ್ಕಿಂತ ಕಡಿಮೆ ಮಂದಿ ಇರುವ ಕಾರ್ಖಾನೆ ಮುಚ್ಚಲು ಸರಕಾರದ ಅನುಮತಿ ಬೇಡ, ಹಿಂದೆ ಅದು 100 ಇತ್ತು. ಕಾರ್ಮಿಕ ಸಂಘಗಳು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಒಂದು ಕೈಯಲ್ಲಿ ಕಾಗದ ಕೊಟ್ಟು ಇನ್ನೊಂದು ಕೈಯಲ್ಲಿ ರಕ್ಷಣೆ ತೆಗೆದ ಹಾಗೆ ಕೆಲವು ಕಡೆ ಆಗಿದೆ.

ನಮ್ಮ ಮೂರು ತಾಲೂಕುಗಳ ಮಟ್ಟಿಗೆ ವಿಚಿತ್ರವಾದ ತೂತು ಇನ್ನೊಂದು. ಆಳಂದದಿಂದ ಗಡಿ ದಾಟಿ ಪಕ್ಕದ ಉಮರ್ಗಾಕ್ಕೋ, ಅಫಜಲಪುರದಿಂದ ಅಕ್ಕಲಕೋಟೆಗೋ ಕೆಲಸಕ್ಕೆ ಹೋದವನು ಕಾನೂನಿನ ಕಣ್ಣಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕ. ತಿಂಗಳಿಗೆ 18,000 ರೂಪಾಯಿವರೆಗೆ ಸಂಬಳ ಇದ್ದು, ಹತ್ತು ಮಂದಿ ಅಂಥವರು ಇರುವ ಕಡೆ ದುಡಿದರೆ ಊರಿಗೆ ಹೋಗಿ ಬರುವ ಪ್ರಯಾಣ ಭತ್ಯೆಯನ್ನು ಮಾಲಕ ಕೊಡಬೇಕು. ಅದೇ ಮನುಷ್ಯ ಸುಮಾರು 600 ಕಿಲೋಮೀಟರ್ ಬಸ್ಸಿನಲ್ಲಿ ಕುಳಿತು ಮಂಗಳೂರಿಗೆ ಬಂದರೆ ವಲಸೆ ಕಾರ್ಮಿಕನೇ ಅಲ್ಲ! ರಾಜ್ಯ ಒಂದೇ ತಾನೆ. ಮಾತು ಬೇರೆ, ಊಟ ಬೇರೆ, ಜೋಳದ ರೊಟ್ಟಿ ಬಿಟ್ಟು ಕುಚ್ಚಲಕ್ಕಿ ಗಂಜಿಗೆ ಹೊಟ್ಟೆ ಒಗ್ಗಿಸಿಕೊಳ್ಳಬೇಕು, ಹೆಂಡತಿ-ಮಕ್ಕಳು ಟಾರ್ಪಾಲಿನ ಕೆಳಗೆ. ಆದರೂ ಕಾನೂನಿಗೆ ಅವನು ಸ್ಥಳೀಯ. ರಾಜ್ಯ ಸರಕಾರ ತನ್ನ ನಿಯಮಗಳನ್ನು ಅಂತಿಮಗೊಳಿಸುವಾಗ ಕಲ್ಯಾಣ ಕರ್ನಾಟಕದಿಂದ ಕರಾವಳಿಗೂ ಬೆಂಗಳೂರಿಗೂ ಹೋಗುವವರಿಗೆ ಇದೇ ಭತ್ಯೆಯನ್ನು ಕೊಡಿಸುವ ದಾರಿ ಹುಡುಕಬೇಕು. ಸಂವಿಧಾನದ 371ಜೆ ವಿಧಿಯಲ್ಲಿ ಆ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟವರು ಅಲ್ಲಿಂದ ಹೊರಟವನಿಗೆ ಬಸ್ಸಿನ ಟಿಕೆಟ್ಟಿನಷ್ಟಾದರೂ ಕೊಡಿಸಲಿ. ಜೇವರ್ಗಿ, ಅಫಜಲಪುರ, ಆಳಂದದ ಶಾಸಕರು ವಿಧಾನಸೌಧದಲ್ಲಿ ಕೇಳಬೇಕಾದ ಪ್ರಶ್ನೆ ಇದು. ಹೊಸ ನಿಯಮಗಳು ಪೂರ್ತಿಯಾಗಿ ಬರುವವರೆಗೆ ಹಳೆ ನಿಯಮಗಳೇ, ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ, ನಡೆಯುತ್ತವೆ. ಹಾಗಾಗಿ "ನಿಯಮ ಬರಲಿ, ಆಮೇಲೆ ನೋಡುವ" ಎಂದು ಮಾಲಕರು ಕೂರುವ ಹಾಗಿಲ್ಲ.

ಮಾಲಕರ ಕಡೆಯ ದೂರನ್ನೂ ಕೇಳಬೇಕು. ಅದು ಸುಳ್ಳಲ್ಲ. "ಇಪ್ಪತ್ತು ಸಾವಿರ ಮುಂಗಡ ತಗೊಂಡವ ಜಾತ್ರೆಗೆ ಅಂತ ಊರಿಗೆ ಹೋದ, ಮತ್ತೆ ಬರಲೇ ಇಲ್ಲ. ಫೋನು ಸ್ವಿಚ್ ಆಫ್. ನನ್ನ ದುಡ್ಡಿಗೆ ಯಾವ ಕಾನೂನು?" ಈ ಪ್ರಶ್ನೆ ಪ್ರತಿ ಮೇಸ್ತ್ರಿಯ ಬಾಯಲ್ಲೂ ಉಂಟು. ಉತ್ತರ ಅದೇ ಕಾಗದದಲ್ಲಿ. ಮುಂಗಡ ಎಷ್ಟು, ವಾರಕ್ಕೆ ಎಷ್ಟು ಮುರಿದುಕೊಳ್ಳುವುದು ಎಂದು ನೇಮಕಾತಿಯ ಪತ್ರದಲ್ಲೇ ಬರೆದು ಇಬ್ಬರೂ ಸಹಿ ಹಾಕಿದ್ದರೆ ಅದು ಲೆಕ್ಕ. ಬರೆಯದೆ ಬಾಯಲ್ಲೇ ಕೊಟ್ಟು, ಮುಂಗಡ ತೀರುವವರೆಗೆ ಹೋಗಕೂಡದು ಎಂದು ಹಿಡಿದಿಟ್ಟರೆ ಅದು ಬೇರೆಯೇ ಜಾತಿಯ ಅಪರಾಧ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಈಗಲೂ ಜೀವಂತ ಉಂಟು, ಮೂರು ವರ್ಷದವರೆಗೆ ಜೈಲು. ಮುಂಗಡವನ್ನು ಗುಂಪಿನ ಮುಖಂಡನ ಕೈಗೆ ಕೊಟ್ಟು, ಅವನು ಹನ್ನೆರಡು ಮಂದಿಗೆ ಹೇಗೆ ಹಂಚಿದ ಎಂದು ನೋಡದಿರುವುದು ನಮ್ಮ ಗುತ್ತಿಗೆದಾರರ ಹಳೆಯ ಚಾಳಿ. ಹನ್ನೆರಡು ಮಂದಿಯ ಹೆಸರಲ್ಲಿ ಹನ್ನೆರಡು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

ಹಾಗೆಯೇ ಮಕ್ಕಳ ವಿಷಯ, ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. 14 ವರ್ಷದೊಳಗಿನ ಮಗುವನ್ನು ಟೇಬಲ್ ಒರೆಸಲು ಕೂಡಾ ಇಡುವಂತಿಲ್ಲ. ಇಟ್ಟರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊಸ ಸಂಹಿತೆಗಳು ಈ ಕಾಯ್ದೆಯನ್ನು ಮುಟ್ಟಿಲ್ಲ.

ಕಟ್ಟಡದ ಗುತ್ತಿಗೆದಾರರು ನಿದ್ದೆ ಕೆಡಿಸಿಕೊಳ್ಳಬೇಕಾದ ಇನ್ನೊಂದು ಸಂಗತಿ ಅಪಘಾತ. ಸಾರಣೆಯಿಂದ ಬಿದ್ದು ಕಾರ್ಮಿಕ ಸತ್ತರೆ ಪರಿಹಾರದ ಲೆಕ್ಕ ಶುರುವಾಗುವುದೇ ಅವನ ತಿಂಗಳ ವೇತನದಿಂದ. ವೇತನದ ಕಾಗದ ಇಲ್ಲದಿದ್ದರೆ ಜೇವರ್ಗಿಯಿಂದ ಬಂದ ವಿಧವೆ ಶವಾಗಾರದ ಹೊರಗೆ ನಿಂತು, ಯಾರೋ ನಾಲ್ಕು ಮಂದಿ ಮಾತಾಡಿ ತೀರ್ಮಾನಿಸಿದ ಮೊತ್ತಕ್ಕೆ ಹೆಬ್ಬೆಟ್ಟು ಒತ್ತಿ ಹೋಗ್ತಾಳೆ. ಗುತ್ತಿಗೆದಾರನೂ ಅಷ್ಟಕ್ಕೇ ಮುಗಿಯಿತು ಎಂದುಕೊಳ್ತಾನೆ, ಮುಗಿದಿರುವುದಿಲ್ಲ. ಇನ್ನು ಮುಂದೆ ಮನೆಯಿಂದ ಕೆಲಸಕ್ಕೆ ಬರುವಾಗ, ಹೋಗುವಾಗ ಆಗುವ ಅಪಘಾತವೂ ಕೆಲಸಕ್ಕೆ ಸಂಬಂಧಪಟ್ಟದ್ದಾದರೆ ಲೆಕ್ಕಕ್ಕೆ ಬರುತ್ತದೆ. ಪಿಕ್‌ಅಪ್ ಗಾಡಿಯ ಹಿಂದೆ ಹದಿನೈದು ಮಂದಿಯನ್ನು ಕಾಂಕ್ರೀಟ್ ಮಿಕ್ಸರಿನ ಜತೆ ತುಂಬಿಸಿ ಸಾಗಿಸುವವರು ಇದನ್ನು ಎರಡು ಸಲ ಓದಲಿ. ಕಾರ್ಮಿಕರ ಪರಿಹಾರಕ್ಕೆ ವಿಮೆ ಸಿಗುತ್ತದೆ. ಗಾಡಿಗೆ ಮಾಡಿಸುವವರು ಮನುಷ್ಯರಿಗೂ ಮಾಡಿಸಬಹುದು.

ಬಟ್ಟೆ ಅಂಗಡಿ, ಶಾಲೆ, ಕ್ಲಿನಿಕ್ ನಡೆಸುವವರಿಗೆ ರಾಜ್ಯ ಸರಕಾರ 2025ರಲ್ಲಿ ಹೊರಡಿಸಿದ ಮುಟ್ಟಿನ ರಜೆಯ ಆದೇಶವೂ ಉಂಟು, ಮಹಿಳಾ ನೌಕರರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ, ಸಂಬಳ ಸಹಿತ. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಆ ಬಗ್ಗೆ ಇನ್ನೊಂದು ವಾರ ಬರೆಯುವ.

ಜಮಾಅತ್‌ಗಳು, ವರ್ತಕರ ಸಂಘಗಳು ಮಾಡಬಹುದಾದ ಕೆಲಸ ಒಂದುಂಟು, ಖರ್ಚು ಜಾಸ್ತಿ ಇಲ್ಲ. ನಮ್ಮಲ್ಲೇ ಈಗ ಚಾರ್ಟರ್ಡ್ ಅಕೌಂಟೆಂಟ್ ಓದಿದ ಹುಡುಗರು, ಹುಡುಗಿಯರು ಇದ್ದಾರೆ, ವಕೀಲರಿದ್ದಾರೆ. ಒಂದು ಭಾನುವಾರ ಮದ್ರಸದ ಹಾಲಿನಲ್ಲಿ ಕೂತು ಕನ್ನಡದಲ್ಲಿ ಒಂದೇ ಪುಟದ ನೇಮಕಾತಿ ಪತ್ರ, ಅಂಗೈಯಗಲದ ಸಂಬಳದ ಚೀಟಿ, ಕಟ್ಟಡ ಕಾರ್ಮಿಕನ 90 ದಿನದ ದೃಢೀಕರಣದ ನಮೂನೆ ತಯಾರಿಸಿ ಅಂಗಡಿ ಅಂಗಡಿಗೆ ಹಂಚಬಹುದು. ಇಂಗ್ಲಿಷಿನಲ್ಲಿ ಬೇಡ. ನಮ್ಮ ಹೋಟೆಲಿನ ಯಜಮಾನನಿಗೂ ಆಳಂದದ ಹುಡುಗನಿಗೂ ಒಟ್ಟಿಗೆ ಓದಲು ಬರುವ ಭಾಷೆ ಒಂದೇ. ಮಾತಿನ ಧಾಟಿ ಬೇರೆ ಇರಬಹುದು, ಅಕ್ಷರ ಅದೇ. ಓದಲು ಬಾರದವನಿಗೆ ಓದಿ ಹೇಳಿ, ಒಂದು ಪ್ರತಿ ಅವನ ಕೈಗೂ ಕೊಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸಿದರೂ ಆಯ್ತು, ಊರಿನಲ್ಲಿ ಅವನ ಹೆಂಡತಿ ನೋಡ್ತಾಳೆ.

ಮೇ ಕೊನೆಗೆ ಮೋಡ ಕಟ್ಟಿದ ಕೂಡಲೇ ಅವರಲ್ಲಿ ಹೆಚ್ಚಿನವರು ಬಿತ್ತನೆಗೆಂದು ಊರಿಗೆ ಹೊರಡುತ್ತಾರೆ. ಕೂಲಿಯ ಬಾಕಿ ಇಟ್ಟುಕೊಂಡು "ಮಳೆಗಾಲ ಮುಗಿದು ಬಾ, ಆಗ ಕೊಡ್ತೇನೆ" ಎನ್ನುವ ಪದ್ಧತಿ ಬೇಕಾದಷ್ಟು ಕಡೆ ಉಂಟು, ತಿರುಗಿ ಬರಲಿ ಎಂಬ ಉದ್ದೇಶದಿಂದಲೇ. ಕೆಲಸ ಬಿಟ್ಟು ಹೋಗುವವನ ಲೆಕ್ಕಕ್ಕೆ ಈಗ ಕಾನೂನು ಕೊಟ್ಟ ಸಮಯ ಎರಡು ಕೆಲಸದ ದಿನ. ತೊಗರಿ ಬೀಜಕ್ಕೆ, ಗೊಬ್ಬರಕ್ಕೆ ಅವನಿಗೆ ದುಡ್ಡು ಬೇಕಾಗುವುದೂ ಅದೇ ವಾರ.